ಕೆಟ್ಟದ್ದನ್ನು ಉಳಿಸಿ, ಸರಿಯಿದ್ದದ್ದನ್ನು ಬಿಚ್ಚಿದ ಕತೆ: ಸಿರುಗುಪ್ಪದ ಒಂದು ವಿಮಾನ ಎಂಜಿನ್

ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಸಿರುಗುಪ್ಪದ ಹೊರವಲಯದ ಒಂದು ರೈಸ್ ಮಿಲ್‌ನ ಅಂಗಳದಲ್ಲಿ ಭತ್ತ ಒಣಗಿಸುವ ಸಿಮೆಂಟು ಕಣದ ಮೇಲೆ ಎರಡು ಸೀಟಿನ ಅಲ್ಯೂಮಿನಿಯಂ ವಿಮಾನವೊಂದು ನಿಂತಿತ್ತು. ಅದರ ಗಾಲಿಗಳಿಗೆ ಮರದ ದಿಮ್ಮಿ ಕೊಟ್ಟಿದ್ದರು, ಬಾಲವನ್ನು ಲಾರಿಯ ಹಗ್ಗದಿಂದ ನೆಲದ ಕೊಂಡಿಗೆ ಬಿಗಿದಿದ್ದರು. ನೆರಳಿನಲ್ಲಿಟ್ಟ ತಾಪಮಾಪಕ 42 ಡಿಗ್ರಿ ತೋರಿಸುತ್ತಿತ್ತು. ಎಂಜಿನ್ ಅದಕ್ಕೆ ಸ್ವಲ್ಪ ಮುಂಚೆ ಒಂದೇ ಸಲಕ್ಕೆ ಹತ್ತಿ ನಲವತ್ತು ನಿಮಿಷ ಚೆನ್ನಾಗಿಯೇ ಓಡಿತ್ತು. ಅದನ್ನು ಆರಿಸಿ, ಎಲ್ಲರೂ ಮಂಡಾಳು ಒಗ್ಗರಣೆ, ಮಿರ್ಚಿ ತಿಂದು ಬಂದು ಮತ್ತೆ ಸೆಲ್ಫ್ ಹೊಡೆದರೆ ಪಂಖ ಸುಮ್ಮನೆ ತಿರುಗುತ್ತಿದೆ, ಎಂಜಿನ್ ಮಾತ್ರ ಹತ್ತುತ್ತಿಲ್ಲ. ಆರನೆಯ ಪ್ರಯತ್ನಕ್ಕೆ ಹತ್ತಿತು. ಆದರೆ ನಿಮಿಷಕ್ಕೆ 1,800 ಸುತ್ತಿಗೆ ಏರಿಸಿ, ಕಿಡಿ ಹುಟ್ಟಿಸುವ ಎರಡು ಮ್ಯಾಗ್ನೆಟೊಗಳಲ್ಲಿ ಎಡಗಡೆಯದೊಂದರ ಮೇಲೆ ಓಡಿಸಿದಾಗ ಸುತ್ತು 300ಕ್ಕೂ ಹೆಚ್ಚು ಕುಸಿದು, ಇಡೀ ವಿಮಾನ ಜ್ವರ ಬಂದವರಂತೆ ನಡುಗಿತು.

ನನ್ನನ್ನು ಕರೆಸಿದ್ದು ಆ ಸಂಜೆ. ನಾನು ವಿಮಾನದವನಲ್ಲ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮೂವತ್ತು ವರ್ಷಗಳಿಂದ ವಾಹನಗಳ ವಿದ್ಯುತ್ ಕೆಲಸ ಮಾಡುತ್ತ ಬಂದವನು. ಮಿಲ್ಲಿನ ಮಾಲೀಕರಾದ ಗೌಡರ ಲಾರಿಗಳ ಡೈನಮೊ, ಸೆಲ್ಫ್ ಎಲ್ಲ ನನ್ನ ಕೈಯಲ್ಲೇ ಹಾದುಹೋಗುತ್ತವೆ. ಅವರು ವಿಮಾನ ಕಟ್ಟಲು ತೊಡಗಿ ಆರು ವರ್ಷವಾಗಿತ್ತು. ಮುಂಬೈನ ಅಮೋಲ್ ಯಾದವ್ ಮನೆಯ ಮಾಳಿಗೆಯ ಮೇಲೆ ಕಟ್ಟಿದ ವಿಮಾನಕ್ಕೆ 2017ರಲ್ಲಿ ನೋಂದಣಿ ಸಿಕ್ಕ ಸುದ್ದಿಯ ಪತ್ರಿಕೆಯ ತುಣುಕು ಅವರ ಕಚೇರಿಯ ಗೋಡೆಯ ಮೇಲೆ ಲಕ್ಷ್ಮಿಯ ಪಟದ ಪಕ್ಕದಲ್ಲೇ ಇದೆ. ಪರವಾನಗಿಯ ಕಡತಗಳ ಕತೆ ಬೇರೆಯದೇ. ಅದಕ್ಕೆ ನಾನು ಕೈ ಹಾಕುವುದಿಲ್ಲ. ಈ ಬರಹವಿರುವುದು ಒಂದೇ ಪ್ರಶ್ನೆಯ ಬಗ್ಗೆ: ಆ ಎಂಜಿನ್‌ಗೆ ಕಿಡಿ ಎಲ್ಲಿಂದ ಬರಬೇಕು?

ಎಂಜಿನ್ ಲೈಕಮಿಂಗ್ ಕಂಪನಿಯ ಓ-320, ಹೊರದೇಶದಿಂದ ಬಂದ ಬಳಸಿದ ಸರಕು. ನಾಲ್ಕು ಸಿಲಿಂಡರ್‌ಗಳು ಎರಡೆರಡಾಗಿ ಎದುರುಬದುರು ಮಲಗಿವೆ. ಒಟ್ಟು ಗಾತ್ರ 5.2 ಲೀಟರ್, 2,700 ಸುತ್ತಿನಲ್ಲಿ 150 ಅಶ್ವಶಕ್ತಿ. ಅಷ್ಟು ದೊಡ್ಡ ಎಂಜಿನ್‌ನಿಂದ ಅಷ್ಟೇ ಶಕ್ತಿಯೇ ಎಂದು ಕಾರಿನವರು ನಗಬಹುದು. ಆದರೆ ಕಾರಿನ ಎಂಜಿನ್ ತನ್ನ ಪೂರ್ಣ ಶಕ್ತಿಯಲ್ಲಿ ದಿನಕ್ಕೆ ಎರಡು ನಿಮಿಷ ಓಡಿದರೆ ಹೆಚ್ಚು; ಇದು ಮುಕ್ಕಾಲು ಶಕ್ತಿಯಲ್ಲಿ ಗಂಟೆಗಟ್ಟಲೆ ಓಡಬೇಕು. ಒಂದೊಂದು ಸಿಲಿಂಡರ್‌ಗೆ ಎರಡು ಪ್ಲಗ್. ಎಂಜಿನ್‌ನ ಹಿಂಭಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಮ್ಯಾಗ್ನೆಟೊ. ಒಂದು ಸತ್ತರೂ ಇನ್ನೊಂದು ಎಂಜಿನ್ನನ್ನು ಓಡಿಸಿಕೊಂಡು ಹೋಗುತ್ತದೆ.

ಮ್ಯಾಗ್ನೆಟೊ ಎಂದರೆ ನಮ್ಮ ಕಡೆಯವರಿಗೆ ಹೊಸದೇನಲ್ಲ. ಪೆಟ್ರೋಲ್‌ನಲ್ಲಿ ಹತ್ತಿ ಸೀಮೆಎಣ್ಣೆಯಲ್ಲಿ ಓಡುವ ಹಳೆಯ ಪಂಪ್‌ಸೆಟ್‌ಗೆ ಬ್ಯಾಟರಿ ಎಲ್ಲಿತ್ತು? ಹಗ್ಗ ಸುತ್ತಿ ಎಳೆದರೆ ಚಕ್ರದೊಳಗಿನ ಅಯಸ್ಕಾಂತ ತಿರುಗಿ, ಕಾಯಿಲ್‌ನಲ್ಲಿ ಕರೆಂಟು ಹುಟ್ಟಿ, ಪಾಯಿಂಟ್ ಎಂಬ ಸಣ್ಣ ಸ್ವಿಚ್ಚು ಬಿಚ್ಚಿಕೊಂಡ ಕ್ಷಣ ಕಿಡಿ ಹಾರುತ್ತಿತ್ತು. ವಿಮಾನದ ಮ್ಯಾಗ್ನೆಟೊ ಅದರದೇ ಒಡಹುಟ್ಟು. ಬ್ಯಾಟರಿ ಸತ್ತರೂ, ಆಲ್ಟರ್ನೇಟರ್ ಸುಟ್ಟರೂ, ಬ್ಯಾಟರಿಯ ಎಲ್ಲ ತಂತಿ ಕತ್ತರಿಸಿದರೂ ಎಂಜಿನ್ ತಿರುಗುವಷ್ಟು ಹೊತ್ತು ಕಿಡಿ ಬರುತ್ತಲೇ ಇರುತ್ತದೆ. ನೂರು ವರ್ಷ ಕಳೆದರೂ ವಿಮಾನದವರು ಅದನ್ನು ಬಿಡದಿರುವುದಕ್ಕೆ ಇದೇ ಕಾರಣ.

ಅದರ ದೋಷವೂ ಅಲ್ಲೇ ಇದೆ. ಈ ಎಂಜಿನ್‌ನಲ್ಲಿ ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ 25 ಡಿಗ್ರಿ ಮೊದಲೇ ಕಿಡಿ ಬೀಳುತ್ತದೆ. ಏಕೆಂದರೆ ಬೆಂಕಿ ಹರಡಲು ಸಮಯ ಬೇಕು. 2,400 ಸುತ್ತಿನಲ್ಲಿ ಎಂಜಿನ್ ಸೆಕೆಂಡಿಗೆ 40 ಸಲ ತಿರುಗುತ್ತದೆ. ಆ ಲೆಕ್ಕದಲ್ಲಿ 25 ಡಿಗ್ರಿ ಎಂದರೆ ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದೂಮುಕ್ಕಾಲು ಪಾಲಿನಷ್ಟು ಸಮಯ. ಬೆಂಕಿ ಅಷ್ಟರಲ್ಲಿ ಬೆಳೆದು, ಪಿಸ್ಟನ್ ತುದಿ ದಾಟಿ ಸುಮಾರು 15 ಡಿಗ್ರಿ ಇಳಿದಾಗ ಗರಿಷ್ಠ ಒತ್ತಡ ಹಾಕಿದರೆ ಸರಿ. ಮ್ಯಾಗ್ನೆಟೊಗೆ ಗೊತ್ತಿರುವುದು ಈ 25 ಒಂದೇ. ಎತ್ತರಕ್ಕೆ ಹೋದಾಗ ಗಾಳಿ ತೆಳುವಾಗಿ ಬೆಂಕಿ ನಿಧಾನವಾಗುತ್ತದೆ. ಆಗ ಕಿಡಿ ಇನ್ನೂ ಮೊದಲೇ ಬೀಳಬೇಕು. ಎಂಜಿನ್ ಹತ್ತಿಸುವಾಗ ತೀರಾ ತಡವಾಗಿ, ತುದಿಯ ಹತ್ತಿರವೇ ಬೀಳಬೇಕು. ಹಳೆಯ ಬುಲೆಟ್‌ನ ಕಿಕ್ಕರ್ ತಿರುಗಿ ಹೊಡೆದು ಮೊಣಕಾಲು ಊದಿಸಿಕೊಂಡವರಿಗೆ ಕಿಡಿ ಬೇಗ ಬಿದ್ದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಇಲ್ಲಿ ಆ ಹೊಡೆತ ತಿನ್ನುವುದು ಸೆಲ್ಫ್ ಮೋಟರು. ಅದರ ಮುಂಭಾಗದ ಬಾಯಿ ಬಿರಿದ ಉದಾಹರಣೆಗಳಿವೆ.

ಈ ಕಷ್ಟಕ್ಕೆ ಹಳೆಯ ಕಾಲದವರು ಕಂಡುಕೊಂಡ ಉಪಾಯಕ್ಕೆ ಇಂಪಲ್ಸ್ ಕಪ್ಲಿಂಗ್ ಎಂದು ಹೆಸರು. ಎಂಜಿನ್ ನಿಧಾನವಾಗಿ ತಿರುಗುವಾಗ ಒಂದು ಕೊಕ್ಕೆ ಮ್ಯಾಗ್ನೆಟೊದ ಅಯಸ್ಕಾಂತವನ್ನು ತಡೆದು ಹಿಡಿಯುತ್ತದೆ, ಒಳಗಿನ ಸುರುಳಿ ಸ್ಪ್ರಿಂಗ್ ಬಿಗಿಯುತ್ತ ಹೋಗುತ್ತದೆ, ಪಿಸ್ಟನ್ ತುದಿಗೆ ಬಂದಾಗ ಕೊಕ್ಕೆ ಜಾರಿ ಅಯಸ್ಕಾಂತ ‘ಟಕ್’ ಎಂದು ಹಾರುತ್ತದೆ. ತಡವಾದ ಕಿಡಿ, ಅದೂ ಗಟ್ಟಿಯಾದ ಕಿಡಿ. ಎಂಜಿನ್ ವೇಗ ಹಿಡಿದ ಮೇಲೆ ಕೊಕ್ಕೆ ತಾನೇ ಹೊರಕ್ಕೆ ಸರಿದು ಸುಮ್ಮನಾಗುತ್ತದೆ. ಪಂಖವನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ ಆ ‘ಟಕ್’ ಸ್ಪಷ್ಟವಾಗಿ ಕೇಳುತ್ತದೆ. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಡಗಡೆಯದಕ್ಕೆ ಮಾತ್ರ ಇದು ಇರುತ್ತದೆ. ಗೌಡರದ್ದೂ ಹಾಗೆಯೇ ಇತ್ತು. ಎಡಗಡೆ ಇಂಪಲ್ಸ್ ಇರುವುದು, ಬಲಗಡೆ ಇಲ್ಲದ್ದು. ಕೆಟ್ಟದ್ದು ಎಡಗಡೆಯದು. ಈ ಮೂರು ಮಾತು ನೆನಪಿನಲ್ಲಿಟ್ಟುಕೊಳ್ಳಿ. ಇಡೀ ಪ್ರಕರಣ ತಿರುಗುವುದು ಇವುಗಳ ಸುತ್ತಲೇ.

ಎಡಗಡೆಯ ಮ್ಯಾಗ್ನೆಟೊವನ್ನು ಗೌಡರು ಹಿಂದಿನ ವರ್ಷವೇ ಬೇರೆ ಊರಿನ ಒಂದು ದುರಸ್ತಿ ಅಂಗಡಿಗೆ ಕಳುಹಿಸಿದ್ದರು. ಅದಕ್ಕೆ 500 ಗಂಟೆಗೊಮ್ಮೆ ಬಿಚ್ಚಿ ನೋಡುವ ನಿಯಮವಿದೆ. ಅಲ್ಲಿಂದ ‘ಪರೀಕ್ಷಿಸಲಾಗಿದೆ, ಸರಿಯಿದೆ’ ಎಂಬ ಹಳದಿ ಚೀಟಿಯೊಂದಿಗೆ ವಾಪಸ್ ಬಂದಿತ್ತು. ನಾನು ಬಿಚ್ಚಿದೆ. ಪಾಯಿಂಟ್ ಸ್ವಚ್ಛ. ಕಂಡೆನ್ಸರ್ ಅಳತೆ ಸರಿ. ಕಾಯಿಲ್‌ನ ಎರಡನೆಯ ಸುತ್ತು ಮೀಟರಿನಲ್ಲಿ 16 ಸಾವಿರ ಓಮ್‌ಗೆ ಸ್ವಲ್ಪ ಮೇಲೆ, ಅದೂ ಸರಿ. ಚೀಟಿ ಸುಳ್ಳು ಹೇಳಿರಲಿಲ್ಲ. ಆದರೆ ಆ ಅಂಗಡಿಯವರು ಪರೀಕ್ಷಿಸಿದ್ದು ಫ್ಯಾನಿನ ಕೆಳಗೆ, ಮೇಜಿನ ಮೇಲೆ. ಮ್ಯಾಗ್ನೆಟೊ ಇರುವುದು ಎಂಜಿನ್‌ನ ಬೆನ್ನಿಗೆ, ಮುಚ್ಚಿದ ಬಾನೆಟ್‌ನೊಳಗೆ.

ಇಲ್ಲಿ ಒಂದು ವಿಷಯ ಹೇಳಬೇಕು. ಎಂಜಿನ್ ಓಡುತ್ತಿರುವಾಗ ಗಾಳಿ ನುಗ್ಗಿ ಎಲ್ಲವನ್ನೂ ತಣಿಸುತ್ತಿರುತ್ತದೆ. ಅದರ ಸುತ್ತಲಿನ ಭಾಗಗಳು ಅತ್ಯಂತ ಬಿಸಿಯಾಗುವುದು ಆರಿಸಿದ ಮೇಲೆ. ಗಾಳಿ ನಿಲ್ಲುತ್ತದೆ, ಸಿಲಿಂಡರ್‌ಗಳ ಶಾಖ ಹೋಗಲು ದಾರಿಯಿಲ್ಲದೆ ಒಳಗೇ ತುಂಬಿಕೊಳ್ಳುತ್ತದೆ. ಇಪ್ಪತ್ತು ನಿಮಿಷದ ಹೊತ್ತಿಗೆ ಮ್ಯಾಗ್ನೆಟೊ ತಾನು ಹಾರಾಟದಲ್ಲಿ ಎಂದೂ ಕಾಣದ ಬಿಸಿಯನ್ನು ಕಾಣುತ್ತದೆ. ಹೊರಗೆ 42 ಡಿಗ್ರಿ ಇದ್ದರಂತೂ ಕೇಳುವುದೇ ಬೇಡ. ಒಗ್ಗರಣೆ ತಿಂದು ಬರಲು ಬೇಕಾದ ಸಮಯ ಸರಿಯಾಗಿ ಅಷ್ಟೇ.

ಮಿಲ್ಲಿನಲ್ಲಿ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳಕ್ಕೆ ತೂತು ಹೊಡೆದು ಒಳಗೆ ನೂರು ವ್ಯಾಟಿನ ಹಳೆಯ ಬಲ್ಬು ಇಳಿಬಿಟ್ಟೆ, ಪಕ್ಕದಲ್ಲಿ ಕಾಯಿಲ್ ಇಟ್ಟೆ, ಮೀಟರಿನ ತಂತಿಗಳನ್ನು ಹೊರಗೆ ತಂದೆ. ಭತ್ತದ ಡ್ರೈಯರ್‌ಗೆ ಬಳಸುವ ತಾಪಮಾಪಕದ ಮೂತಿಯನ್ನೂ ಒಳಗೆ ತೂರಿಸಿದೆ. 50 ಡಿಗ್ರಿಯವರೆಗೆ ಏನೂ ಇಲ್ಲ, ಓಮ್ ಸ್ವಲ್ಪ ಏರಿತು. ತಾಮ್ರದ ಗುಣ ಅದು. 65 ದಾಟಿದಾಗ ಅಂಕಿ ಕುಣಿಯತೊಡಗಿತು. 74ಕ್ಕೆ ಮೀಟರು ‘ತಂತಿ ಕಡಿದಿದೆ’ ಎಂದು ತೋರಿಸಿತು. ಮುಚ್ಚಳ ತೆಗೆದೆವು. ಹತ್ತು ನಿಮಿಷ ಕಳೆದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ 16 ಸಾವಿರ. ಗೌಡರು ಮೂರು ಸಲ ಮಾಡಿಸಿದರು. ಮೂರು ಸಲವೂ ಅದೇ. ಕೂದಲಿಗಿಂತ ತೆಳುವಾದ ಆ ತಂತಿ ಎಲ್ಲೋ ಒಂದು ಕಡೆ ಕಡಿದು, ತುದಿಗೆ ತುದಿ ತಾಗಿಕೊಂಡು ಕುಳಿತಿದೆ. ಬಿಸಿಗೆ ಹಿಗ್ಗಿದಾಗ ದೂರವಾಗುತ್ತದೆ. ಆಗಲೂ ಕಿಡಿ ಪೂರ್ತಿ ಸಾಯುವುದಿಲ್ಲ. ಆ ಸಂದಿನಲ್ಲಿ ಒಮ್ಮೆ ಜಿಗಿದು, ಪ್ಲಗ್‌ನಲ್ಲಿ ಮತ್ತೊಮ್ಮೆ ಜಿಗಿಯಬೇಕಾಗಿ ಬಂದು ಬಡವಾಗುತ್ತದೆ.

ರೋಗ ತಿಳಿಯಿತು. ಜಗಳ ಶುರುವಾದದ್ದು ಚಿಕಿತ್ಸೆಯ ಬಗ್ಗೆ.

ಗೌಡರ ಮಗಳು ಬೆಂಗಳೂರಿನಲ್ಲಿ ಎಂಜಿನಿಯರ್. ವಿಡಿಯೊ ಕರೆಯಲ್ಲೇ ತೀರ್ಪು ಕೊಟ್ಟರು. “ಅಪ್ಪ, ಎರಡೂ ಮ್ಯಾಗ್ನೆಟೊ ತೆಗೆಸಿಬಿಡಿ. ಇವತ್ತಿನ ದಿನ ಯಾವ ಬೈಕಿನಲ್ಲಿ ಪಾಯಿಂಟ್ ಇದೆ? ಎರಡೂ ಕಡೆ ಎಲೆಕ್ಟ್ರಾನಿಕ್ ಇಗ್ನಿಷನ್ ಇರಲಿ, ಕಿಡಿಯ ಟೈಮಿಂಗ್ ತಾನೇ ಹೊಂದಿಸಿಕೊಳ್ಳುತ್ತದೆ, ಇಂಧನವೂ ಉಳಿಯುತ್ತದೆ.” ಕುರುಗೋಡಿನವರಾದ, ವಾಯುಪಡೆಯಲ್ಲಿ ಎಂಜಿನ್ ತಂತ್ರಜ್ಞರಾಗಿ ನಿವೃತ್ತರಾದ ಹಿರಿಯರೊಬ್ಬರು ಗೌಡರಿಗೆ ಸಲಹೆಗಾರರು, ಎಲ್ಲರೂ ಅವರನ್ನು ಸಾರ್ಜೆಂಟ್ ಸಾಹೇಬರು ಎನ್ನುತ್ತಾರೆ. ಅವರು, “ಹೊಸ ಕಾಯಿಲ್ ಹಾಕಿ, ಮುಗಿಯಿತು. ತಂತಿ ನಂಬಿ ಆಕಾಶಕ್ಕೆ ಹೋಗಬಾರದು” ಎಂದರು. ಗೌಡರು ನನ್ನ ಕಡೆ ತಿರುಗಿ, “ನೀವು ಹೇಳಿ ಮೇಸ್ತ್ರಿ, ಕೆಟ್ಟದ್ದನ್ನು ತೆಗೆದು ಆ ಜಾಗದಲ್ಲಿ ಎಲೆಕ್ಟ್ರಾನಿಕ್ ಕೂರಿಸಿದರೆ ಇಬ್ಬರ ಮಾತೂ ನಡೆದಂತೆ ಆಗುವುದಿಲ್ಲವೇ?” ಎಂದರು. ವ್ಯಾಪಾರಸ್ಥರ ಬುದ್ಧಿ, ನಡುವಿನ ದರಕ್ಕೆ ಬರುವುದು.

ನಾನು ಎರಡು ವಾರ ಸಮಯ ಕೇಳಿದೆ. ಕೈಪಿಡಿಗಳನ್ನು ಓದಿದೆ, ಗೌಡರ ಮಗಳ ಸಹಾಯದಿಂದ ತಯಾರಕರ ಕಾಗದಗಳನ್ನೂ ನೋಡಿದೆ.

ಮಾರುಕಟ್ಟೆಯಲ್ಲಿರುವುದು ಮುಖ್ಯವಾಗಿ ಎರಡು ಜಾತಿ. ಒಂದು, ಮ್ಯಾಗ್ನೆಟೊ ಜಾಗದಲ್ಲೇ ಕೂರುವ ಡಬ್ಬಿ. ಮೆದುಳು, ಕಾಯಿಲ್ ಎಲ್ಲವೂ ಅದರೊಳಗೇ. ಅದರಲ್ಲಿ ಪಿ-ಮ್ಯಾಗ್ ಎಂಬುದಕ್ಕೆ ತನ್ನದೇ ಪುಟ್ಟ ಆಲ್ಟರ್ನೇಟರ್ ಒಳಗಿದೆ. ಎಂಜಿನ್ ಒಂದು ಮಟ್ಟದ ವೇಗಕ್ಕೆ ಬಂದ ಮೇಲೆ ವಿಮಾನದ ಬ್ಯಾಟರಿ ಸತ್ತರೂ ಅದು ತಾನೇ ಓಡುತ್ತದೆ. ಶ್ಯೂರ್‌ಫ್ಲೈ ಎಂಬುದೂ ಅದೇ ಜಾಗದಲ್ಲಿ ಕೂರುತ್ತದೆ, ಆದರೆ ಅದಕ್ಕೆ ಬ್ಯಾಟರಿ ಬೇಕೇ ಬೇಕು. ಇನ್ನೊಂದು ಜಾತಿಯಲ್ಲಿ ಮೆದುಳಿನ ಪೆಟ್ಟಿಗೆ ಬೇರೆ, ಕಾಯಿಲ್‌ಗಳು ಬೇರೆ, ಎಂಜಿನ್ ಎಲ್ಲಿದೆ ಎಂದು ಹೇಳುವ ಸೆನ್ಸರ್ ಬೇರೆ. ಲೈಟ್‌ಸ್ಪೀಡ್ ಆ ಬಗೆಯದು. ಪೆಟ್ಟಿಗೆಯನ್ನು ನಮಗೆ ಬೇಕಾದ ಕಡೆ ಇಟ್ಟುಕೊಳ್ಳಬಹುದು.

ಮಗಳು ಹೇಳಿದ ಇಂಧನ ಉಳಿತಾಯ ಸುಳ್ಳಲ್ಲ. ಆದರೆ ಅದು ಎಲ್ಲಿ ಸಿಗುತ್ತದೆ ಎಂದು ನೋಡಬೇಕು. ಗಾಳಿ ತೆಳುವಾದ ಎತ್ತರದಲ್ಲಿ, ಪೆಟ್ರೋಲ್ ಕಡಿಮೆ ಮಾಡಿ ಓಡಿಸುವಾಗ ಕಿಡಿಯನ್ನು ಹತ್ತು ಹನ್ನೆರಡು ಡಿಗ್ರಿ ಮುಂದಕ್ಕೆ ತಂದರೆ, ಅಂದರೆ ಅಷ್ಟು ಮೊದಲೇ ಬೀಳಿಸಿದರೆ, ಲಾಭ. ಗೌಡರ ಯೋಜನೆ ಏನೆಂದರೆ, ಸಿರುಗುಪ್ಪದ ಸುತ್ತ, ತುಂಗಭದ್ರೆಯ ಕಾಲುವೆಗಳ ಮೇಲೆ, ಬಹಳವೆಂದರೆ ಹಂಪಿಯ ಕಡೆಗೆ, ಮೂರು ನಾಲ್ಕು ಸಾವಿರ ಅಡಿಯಲ್ಲಿ ಭಾನುವಾರದ ಸುತ್ತಾಟ. ಅಲ್ಲಿ ಪೂರ್ತಿ ಶಕ್ತಿಯ ಹತ್ತಿರ ಓಡುವಾಗ ಎಲೆಕ್ಟ್ರಾನಿಕ್ ಕೂಡ ಅದೇ 25ರ ಸುತ್ತಮುತ್ತಲೇ ಇರುತ್ತದೆ, ಇರಬೇಕು ಕೂಡ. ಏಕೆಂದರೆ ಸೆಕೆಯಲ್ಲಿ, ಭಾರವಾದ ಹೊರೆಯಲ್ಲಿ ಕಿಡಿಯನ್ನು ಮುಂದಕ್ಕೆ ತಂದರೆ ಸಿಲಿಂಡರ್‌ನೊಳಗೆ ಬೆಂಕಿ ಹರಡುವ ಬದಲು ಸಿಡಿಯುತ್ತದೆ. ಪಿಸ್ಟನ್‌ಗೆ ತೂತು ಬೀಳಲು ಕೆಲವೇ ನಿಮಿಷ ಸಾಕು.

ಇಂಧನದ ವಿಷಯ ಬಂದಿತಲ್ಲ, ಒಂದು ಅಡ್ಡಮಾತು. ಗೌಡರಿಗೆ ಮೊದಮೊದಲು ಬಂಕಿನ ಪೆಟ್ರೋಲೇ ಹಾಕುವ ಆಸೆಯಿತ್ತು. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರವರೆಗೆ ಎಥೆನಾಲ್ ಬೆರೆಸಿದ್ದು. ಲೈಕಮಿಂಗ್ ತನ್ನ ಎಂಜಿನ್‌ಗಳಿಗೆ ಎಥೆನಾಲ್ ಬೆರೆತ ಇಂಧನವನ್ನು ಒಪ್ಪುವುದಿಲ್ಲ. ಆದ್ದರಿಂದ ವಿಮಾನದ ಪೆಟ್ರೋಲ್ ಆದ 100 ಎಲ್‌ಎಲ್ ಬ್ಯಾರಲ್‌ನಲ್ಲಿ ತರಿಸುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಅದನ್ನು ವಡೋದರದಲ್ಲಿ ತಯಾರಿಸಿ ಬಿಡುಗಡೆ ಮಾಡುವವರೆಗೆ ದೇಶಕ್ಕೆ ಬೇಕಾದದ್ದೆಲ್ಲ ಹೊರಗಿನಿಂದಲೇ ಬರುತ್ತಿತ್ತು. ಅದರಲ್ಲಿ ಸೀಸವಿದೆ. ಆ ಸೀಸ ಪ್ಲಗ್‌ನಲ್ಲಿ ಸಣ್ಣ ಗುಂಡುಗಳಾಗಿ ಕಟ್ಟಿಕೊಂಡು ಕಿಡಿಯನ್ನು ಕೊಲ್ಲುತ್ತದೆ. ಎಲೆಕ್ಟ್ರಾನಿಕ್ ಕಡೆ ವಾಲಲು ಇದು ನಿಜವಾದ ಕಾರಣ: ಅದರ ಕಿಡಿ ಗಟ್ಟಿ. ಮ್ಯಾಗ್ನೆಟೊ ಪ್ಲಗ್‌ನ ಸಂದು ಇಂಚಿನ ಸಾವಿರ ಪಾಲಿನಲ್ಲಿ 16ರಿಂದ 21 ಪಾಲು. ಎಲೆಕ್ಟ್ರಾನಿಕ್‌ನವರು 30ಕ್ಕೂ ಮೇಲೆ ಇಟ್ಟುಕೊಳ್ಳುತ್ತಾರೆ. ಜೊತೆಗೆ, ಅಳತೆ ಹೊಂದಿಸುವ ಬಳೆಯೊಂದನ್ನು ಹಾಕಿದರೆ ಕಾರಿನ ಪ್ಲಗ್ ಸಾಕು. ವಿಮಾನದ ಪ್ಲಗ್‌ನ ಬೆಲೆ ಕೇಳಿದ ದಿನ ನಾನು ಎರಡು ಸಲ ಕೇಳಿದ್ದೆ.

ಇನ್ನು ಎರಡೂ ಎಲೆಕ್ಟ್ರಾನಿಕ್ ಎಂಬ ಮಾತು. ಎರಡೂ ಒಂದೇ ಬ್ಯಾಟರಿಯಿಂದ ಕುಡಿಯುತ್ತಿದ್ದರೆ ಅವು ಎರಡಲ್ಲ, ಒಂದೇ. ಬ್ಯಾಟರಿ ಚೀಟಿಯ ಮೇಲೆ 17 ಆಂಪಿಯರ್-ಗಂಟೆ ಎಂದಿತ್ತು. ಬಳ್ಳಾರಿಯ ಒಂದು ಬೇಸಿಗೆ ಕಳೆದ ಬ್ಯಾಟರಿಯಲ್ಲಿ ಎಷ್ಟು ಉಳಿದಿರುತ್ತದೆ ಎಂಬುದು ನನ್ನ ಹೊಟ್ಟೆಪಾಡಿನ ವಿಷಯ. ಅರ್ಧ ಎಂದು ಹಿಡಿಯಿರಿ. ಎರಡು ಇಗ್ನಿಷನ್, ರೇಡಿಯೊ, ಪರದೆ, ಪಂಪು ಸೇರಿ ಎಂಟು ಆಂಪಿಯರ್ ಎಂದರೆ ಆಲ್ಟರ್ನೇಟರ್ ನಿಂತ ಗಳಿಗೆಯಿಂದ ಒಂದು ಗಂಟೆ. ಅದೂ ಆಲ್ಟರ್ನೇಟರ್ ನಿಂತದ್ದು ತಕ್ಷಣ ಗೊತ್ತಾದರೆ. ಎರಡನೆಯ ಬ್ಯಾಟರಿ ಇಡಬಹುದು, ಆಗ ಅದನ್ನು ಚಾರ್ಜ್ ಮಾಡುವ ಏರ್ಪಾಡು, ಇನ್ನೊಂದು ಸ್ವಿಚ್ಚು, ಇನ್ನೊಂದು ಮರೆವು.

ಮಗಳು ಇದಕ್ಕೆ ಉತ್ತರ ಇಟ್ಟುಕೊಂಡೇ ಇದ್ದರು: ತಾನೇ ಕರೆಂಟು ಹುಟ್ಟಿಸಿಕೊಳ್ಳುವ ಜಾತಿಯದನ್ನೇ ಎರಡು ಹಾಕಿದರಾಯಿತಲ್ಲ? ತಂಪು ದೇಶದಲ್ಲಿದ್ದರೆ ನಾನೂ ಒಪ್ಪುತ್ತಿದ್ದೆನೇನೋ. ಆದರೆ ಆ ಡಬ್ಬಿಯ ಮೆದುಳು ಇರುವುದು ಸರಿಯಾಗಿ ಆ ಕಾಯಿಲ್ ಸತ್ತ ಜಾಗದಲ್ಲಿ. ತಯಾರಕರೇ ಅದಕ್ಕೆ ಕೊಳವೆಯಲ್ಲಿ ತಂಪುಗಾಳಿ ಊದಿಸಬೇಕು ಎನ್ನುತ್ತಾರೆ. ಎಂಜಿನ್ ಆರಿಸಿದ ಮೇಲೆ ಕೊಳವೆಯಲ್ಲಿ ಏನು ಬರುತ್ತದೆ? ಏನೂ ಇಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಕಂಡದ್ದು ನನ್ನ ಕಣ್ಣಿನಿಂದ ಹೋಗಿರಲಿಲ್ಲ. ಒಂದೇ ಬಗೆಯ ಎರಡು ಯಂತ್ರ, ಒಂದೇ ಬಿಸಿಯಲ್ಲಿ, ಒಂದೇ ದಿನ ಕೂರಿಸಿದ್ದು. ಒಂದಕ್ಕೆ ಬಂದ ರೋಗ ಇನ್ನೊಂದಕ್ಕೂ ಬರುವ ದಾರಿಯಲ್ಲೇ ಇರುತ್ತದೆ. ಇದೇ ಮಾತು ಸಾರ್ಜೆಂಟ್ ಸಾಹೇಬರ ಎರಡು ಮ್ಯಾಗ್ನೆಟೊಗಳಿಗೂ ಅನ್ವಯಿಸುತ್ತದೆ ಎಂದಾಗ ಅವರು ಮೀಸೆ ತಿರುವಿ ಸುಮ್ಮನಾದರು.

ಹಾಗಾಗಿ ಒಂದು ಮ್ಯಾಗ್ನೆಟೊ, ಒಂದು ಎಲೆಕ್ಟ್ರಾನಿಕ್. ಬಿಡಿ ಪೆಟ್ಟಿಗೆಯ ಜಾತಿಯದು. ಬ್ಯಾಟರಿ ಸತ್ತರೆ ಮ್ಯಾಗ್ನೆಟೊ ಇದೆ, ಆದ್ದರಿಂದ ಎಲೆಕ್ಟ್ರಾನಿಕ್‌ಗೆ ಸ್ವಂತ ಕರೆಂಟು ಇಲ್ಲದಿದ್ದರೆ ನಷ್ಟವಿಲ್ಲ. ಅದರ ಬದಲು ಪೆಟ್ಟಿಗೆಯನ್ನು ಬೆಂಕಿತಡೆ ತಗಡಿನ ಈಚೆಗೆ, ಪೈಲಟ್‌ನ ಕಾಲಿನ ಬಳಿ, ತಣ್ಣಗೆ ಇಡಬಹುದು. ಉಳಿತಾಯದ ಲೆಕ್ಕದಲ್ಲೂ ಮೊದಲ ಎಲೆಕ್ಟ್ರಾನಿಕ್‌ನಿಂದಲೇ ಹೆಚ್ಚಿನ ಲಾಭ ಬಂದುಬಿಡುತ್ತದೆ, ಎರಡನೆಯದು ಸೇರಿಸುವುದು ಅಲ್ಪ.

ಇಲ್ಲಿಯವರೆಗೆ ಗೌಡರ ನಡುವಿನ ದರವೇ ಗೆದ್ದಂತೆ ಕಾಣುತ್ತದೆ. ಆದರೆ ನಾನು ಹೇಳಿದ್ದು ಕೇಳಿ ಅವರು ನಕ್ಕೇಬಿಟ್ಟರು. “ಬಲಗಡೆಯದನ್ನು ತೆಗೆಯೋಣ, ಎಡಗಡೆಯದನ್ನು ರಿಪೇರಿ ಮಾಡೋಣ.”

“ಮೇಸ್ತ್ರಿ, ಸರಿಯಿರುವ ಎತ್ತನ್ನು ಮಾರಿ ಕುಂಟುವ ಎತ್ತಿಗೆ ಲಾಳ ಹೊಡೆಸುತ್ತೀರಲ್ಲ!”

ಕಾರಣ ಆ ‘ಟಕ್’. ಇಂಪಲ್ಸ್ ಇರುವುದು ಎಡಗಡೆಯದರಲ್ಲಿ. ಎಡಗಡೆ ಎಲೆಕ್ಟ್ರಾನಿಕ್ ಹಾಕಿದರೆ ಉಳಿಯುವ ಬಲಗಡೆಯ ಮ್ಯಾಗ್ನೆಟೊಗೆ ತಡವಾಗಿ ಕಿಡಿ ಕೊಡಲು ಬರುವುದಿಲ್ಲ. ಪ್ರತಿಸಲ ಹತ್ತಿಸುವಾಗಲೂ ಅದನ್ನು ಆರಿಸಿಟ್ಟು, ಎಲೆಕ್ಟ್ರಾನಿಕ್ ಒಂದರಿಂದಲೇ ಹತ್ತಿಸಿ, ಆಮೇಲೆ ಅದನ್ನು ಚಾಲೂ ಮಾಡಬೇಕು. ಒಂದು ದಿನ ಮರೆತರೆ 25 ಡಿಗ್ರಿ ಮುಂಚಿನ ಕಿಡಿ, ಸೆಲ್ಫ್‌ಗೆ ತಿರುಗೇಟು. ಅಷ್ಟೇ ಆಗಿದ್ದರೆ ಚೀಟಿ ಬರೆದು ಅಂಟಿಸಬಹುದಿತ್ತು. ಆದರೆ ಸೆಲ್ಫ್ ಹೊಡೆದಾಗ ದಣಿದ ಬ್ಯಾಟರಿಯ ವೋಲ್ಟೇಜ್ ಎಂಟು, ಏಳಕ್ಕೆ ಕುಸಿಯುವುದನ್ನು ನಾನು ದಿನಾಲೂ ನೋಡುತ್ತೇನೆ. ಎಲೆಕ್ಟ್ರಾನಿಕ್ ಮೆದುಳು ಸರಿಯಾಗಿ ಆ ಕ್ಷಣದಲ್ಲೇ ತಡವರಿಸಿದರೆ ಹತ್ತಿಸಲು ಬೇರೆ ಗತಿಯಿಲ್ಲ. ಎಡಗಡೆಯದು ಉಳಿದರೆ ಹಾಗಲ್ಲ. ಎಲೆಕ್ಟ್ರಾನಿಕ್ ಪೂರ್ತಿ ಸತ್ತರೂ, ಯಾವುದೋ ಊರಿನಲ್ಲಿ ಸಿಕ್ಕಿಕೊಂಡರೂ, ಪಂಖ ಒಂದು ಸುತ್ತು ತಿರುಗಿದರೆ ಸ್ಪ್ರಿಂಗ್ ತನ್ನ ಕೆಲಸ ಮಾಡುತ್ತದೆ. ಜೊತೆಗೆ ಎಡಗಡೆಯ ಜಾಗಕ್ಕೆ ಇಂಪಲ್ಸ್‌ಗೆಂದೇ ದಪ್ಪ ಸ್ಪೇಸರ್, ಉದ್ದ ಬೋಲ್ಟು ಇವೆ. ಅವನ್ನೆಲ್ಲ ಅಲುಗಿಸುವ ಗೋಜಿಲ್ಲ.

ಸಾರ್ಜೆಂಟ್ ಸಾಹೇಬರು ಮೊದಲ ಬಾರಿಗೆ ನನ್ನ ಪಕ್ಷಕ್ಕೆ ಬಂದರು. ಆದರೆ ಅವರೇ ಕೇಳಿದ ಪ್ರಶ್ನೆಯೂ ಚೆನ್ನಾಗಿತ್ತು: ಬಲಗಡೆಯದನ್ನು ಹೇಗೂ ತೆಗೆಯುತ್ತೇವೆ, ಅದರ ಕಾಯಿಲನ್ನೇ ಎಡಗಡೆಯದಕ್ಕೆ ಹಾಕಿದರೆ? ಎರಡೂ ಒಂದೇ ಮಾದರಿ, ಕಾಯಿಲ್ ಹೊಂದುತ್ತದೆ. ಅದನ್ನೂ ಬಿಸ್ಕತ್ತಿನ ಡಬ್ಬಿಗೆ ಹಾಕಿದೆ. 80 ಡಿಗ್ರಿಯವರೆಗೂ ಅಲುಗಲಿಲ್ಲ. ಆದರೂ ಹೊಸದನ್ನೇ ತರಿಸಿದೆ. ಅವೆರಡೂ ಒಂದೇ ವಯಸ್ಸಿನವು, ಒಂದೇ ಬಿಸಿಯಲ್ಲಿ ಬೆಂದವು. ಇವತ್ತು ತೇರ್ಗಡೆಯಾದದ್ದು ಮುಂದಿನ ಬೇಸಿಗೆಗೆ ಹೊಣೆ ಹೊರುವುದಿಲ್ಲ.

ಕೂರಿಸುವ ಕೆಲಸ ನಾಲ್ಕು ದಿನ ಹಿಡಿಯಿತು. ಹೆಚ್ಚಿನದೆಲ್ಲ ನೀರಸ: ಸೆನ್ಸರ್ ತಂತಿಯನ್ನು ಆಲ್ಟರ್ನೇಟರ್ ತಂತಿಯಿಂದ ದೂರ ಒಯ್ಯುವುದು, ಅರ್ಥ್ ಹಿಡಿಯುವ ಕಡೆ ಬಣ್ಣ ಕೆರೆಯುವುದು, ಎಲ್ಲ ಕಡೆ ಹಿಡಿಕೆ ಬಿಗಿಯುವುದು. ಎಂಜಿನ್‌ನ ಹಲ್ಲುಚಕ್ರದ ಮೇಲೆ ಟೈಮಿಂಗ್ ಗುರುತುಗಳು ಎರಡು ಮುಖದಲ್ಲೂ ಇವೆ. ಮುಂದಿನವನ್ನು ಸೆಲ್ಫ್ ಮೋಟರಿನ ಮೇಲಿನ ಸಣ್ಣ ತೂತಿಗೆ, ಹಿಂದಿನವನ್ನು ಎಂಜಿನ್‌ನ ಎರಡು ಹೋಳು ಕೂಡುವ ಗೆರೆಗೆ ಹೊಂದಿಸಬೇಕು. ಒಂದರ ಗುರುತನ್ನು ಇನ್ನೊಂದಕ್ಕೆ ಹೊಂದಿಸಿ ಕೆಟ್ಟವರು ಬಹಳ ಮಂದಿ ಇರಬೇಕು; ನಾನು ಆ ಸಾಲಿಗೆ ಸೇರುವುದು ಸ್ವಲ್ಪದರಲ್ಲಿ ತಪ್ಪಿತು.

ತಪ್ಪದೆ ಮಾಡಿದ ತಪ್ಪು ಬೇರೆ ಇದೆ. ಅದನ್ನು ಮುಚ್ಚಿಡುವುದಿಲ್ಲ. ಲಾರಿಯ ರೂಢಿಯಂತೆ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಕರೆಂಟನ್ನು, ಎಲ್ಲ ಕರೆಂಟನ್ನೂ ಒಮ್ಮೆಗೇ ಕತ್ತರಿಸುವ ಮಾಸ್ಟರ್ ಸ್ವಿಚ್ಚಿನ ಆಚೆಯಿಂದ ಕೊಟ್ಟಿದ್ದೆ. ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು. ಸಾರ್ಜೆಂಟ್ ಸಾಹೇಬರು ಬಂದು ತಂತಿಯ ಗುಂಟ ಬೆರಳಾಡಿಸುತ್ತ ಹೋಗಿ ಅಲ್ಲಿ ನಿಂತರು. “ಮೇಸ್ತ್ರಿ, ಹಾರುವಾಗ ತಂತಿ ಸುಟ್ಟ ವಾಸನೆ ಬಂದರೆ ಪೈಲಟ್ ಮೊದಲು ಏನು ಮಾಡುತ್ತಾನೆ?” ಮಾಸ್ಟರ್ ಆರಿಸುತ್ತಾನೆ. ಲಾರಿಯಾದರೆ ರಸ್ತೆ ಬದಿಗೆ ನಿಲ್ಲಿಸಬಹುದು. ಆ ಸಂಜೆಯೇ ತಂತಿಯನ್ನು ಬಿಚ್ಚಿ, ಬ್ಯಾಟರಿಯ ಕಂಬದಿಂದಲೇ ನೇರವಾಗಿ, ಅದಕ್ಕೇ ಮೀಸಲಾದ ಬ್ರೇಕರ್ ಮತ್ತು ಸ್ವಿಚ್ಚಿನ ಮೂಲಕ ಎಳೆದೆ. ಈಗ ಮಾಸ್ಟರ್ ಆರಿದರೂ ಕಿಡಿ ಇರುತ್ತದೆ.

ಪೆಟ್ಟಿಗೆಯನ್ನು ಕೂರಿಸುವ ಮೊದಲು ಮೇಜಿನ ಮೇಲೆ ಒಂದು ಪರೀಕ್ಷೆ ಮಾಡಿದ್ದೆ. ಸೆನ್ಸರನ್ನು ಡ್ರಿಲ್ ಮೆಷಿನ್‌ನಿಂದ ತಿರುಗಿಸುತ್ತ, ವೋಲ್ಟೇಜನ್ನು 14ರಿಂದ ಮೆಲ್ಲಗೆ ಇಳಿಸುತ್ತ ಹೋದೆವು. ಒಂಬತ್ತರಲ್ಲಿ ಕಿಡಿ ನೀಲಿ, ಏಳರಲ್ಲೂ ಇತ್ತು. ಆರಕ್ಕೆ ಬಂದಾಗ ನಡುನಡುವೆ ತಪ್ಪತೊಡಗಿತು. ಕಾಗದದಲ್ಲಿ ಓದುವುದು ಬೇರೆ, ಕಿಡಿ ತಪ್ಪುವ ಶಬ್ದವನ್ನು ಕಿವಿಯಿಂದ ಕೇಳುವುದು ಬೇರೆ. ಆ ಶಬ್ದ ಕೇಳಿದ ಮೇಲೆ ಗೌಡರು ವೋಲ್ಟ್ ಮೀಟರನ್ನು ಪರದೆಯ ಮೂಲೆಯಿಂದ ಕಣ್ಣೆದುರಿಗೆ ತರಿಸಿ, 12.5ಕ್ಕಿಂತ ಇಳಿದರೆ ಕೆಂಪು ದೀಪ ಹತ್ತುವಂತೆ ಮಾಡಿಸಿದರು.

ಮೇ ತಿಂಗಳ ಮೊದಲ ವಾರ, ಅದೇ ಕಣ, ಮತ್ತೆ ಮಧ್ಯಾಹ್ನ ಮೂರು. ಬೇಕೆಂದೇ ಆ ಹೊತ್ತು ಆರಿಸಿಕೊಂಡೆವು. ಸಮುದ್ರಮಟ್ಟದಿಂದ 500 ಮೀಟರ್‌ಗಿಂತ ಕಡಿಮೆ ಎತ್ತರದ ನೆಲವಾದರೂ ಆ ಸೆಕೆಯಲ್ಲಿ ಎಂಜಿನ್ ಉಸಿರಾಡುವುದು ಸುಮಾರು 5,000 ಅಡಿ ಎತ್ತರದ ತೆಳು ಗಾಳಿಯನ್ನು. ನಲವತ್ತು ನಿಮಿಷ ಓಡಿಸಿ, ಆರಿಸಿ, ಬಾನೆಟ್ ಮುಚ್ಚಿಟ್ಟು ಇಪ್ಪತ್ತೈದು ನಿಮಿಷ ಕಾದೆವು. ಮಿಲ್ಲಿನ ಹಮಾಲರೆಲ್ಲ ಭತ್ತದ ಚೀಲಗಳ ನೆರಳಿಗೆ ಬಂದು ಕುಳಿತರು. ಸೆಲ್ಫ್ ಹೊಡೆದರೆ ಪಂಖ ಒಂದೂವರೆ ಸುತ್ತು ತಿರುಗಿತೋ ಇಲ್ಲವೋ, ಹತ್ತಿತು. ಎಲೆಕ್ಟ್ರಾನಿಕ್ ಆರಿಸಿಟ್ಟು ಬರೀ ಎಡಗಡೆಯದರಿಂದಲೂ ಹತ್ತಿಸಿ ನೋಡಿದೆವು. ಮೂರು ಸುತ್ತು ಬೇಕಾಯಿತು, ಆದರೆ ಹತ್ತಿತು.

ಆಮೇಲೆ ಗೌಡರು ಗಾಬರಿಯಾದರು. 1,800ಕ್ಕೆ ಏರಿಸಿ ಎಲೆಕ್ಟ್ರಾನಿಕ್ ಆರಿಸಿದಾಗ ಸುತ್ತು 110 ಇಳಿಯಿತು. ಮ್ಯಾಗ್ನೆಟೊ ಆರಿಸಿದಾಗ ಇಳಿದದ್ದು ಬರೀ 20. ಕಂಪನಿಯ ಸೂಚನೆಯಲ್ಲಿ, ಒಂದನ್ನು ಆರಿಸಿದಾಗ 175ಕ್ಕಿಂತ ಹೆಚ್ಚು ಇಳಿಯಬಾರದು, ಎರಡರ ನಡುವಿನ ವ್ಯತ್ಯಾಸ 50 ಮೀರಬಾರದು ಎಂದಿದೆ. ಇಲ್ಲಿ 90! ಮ್ಯಾಗ್ನೆಟೊ ಮತ್ತೆ ಕೆಟ್ಟಿತು ಎಂದೇ ಅವರ ತೀರ್ಮಾನ. ಅರ್ಧ ಹೊತ್ತು ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಹೊಳೆಯಿತು: ಆ 50ರ ನಿಯಮ ಸಮಬಲದ ಎರಡು ಮ್ಯಾಗ್ನೆಟೊಗಳಿಗೆ ಮಾಡಿದ್ದು. ಕಡಿಮೆ ಶಕ್ತಿಯಲ್ಲಿ ಎಲೆಕ್ಟ್ರಾನಿಕ್ ಆಗಲೇ ಕಿಡಿಯನ್ನು ಮುಂದಕ್ಕೆ ತಂದಿರುತ್ತದೆ, ಮ್ಯಾಗ್ನೆಟೊ ಕಿಡಿ ಬೀಳುವಷ್ಟರಲ್ಲಿ ಬೆಂಕಿ ಹತ್ತಿಯಾಗಿರುತ್ತದೆ. ಬಂಡಿಗೆ ಕಟ್ಟಿದ ಎರಡು ಎತ್ತಿನಲ್ಲಿ ಒಂದು ಮುಂದೆ ಹೋಗಿ ಎಳೆಯುತ್ತಿದ್ದರೆ ಹಿಂದಿನದನ್ನು ಬಿಚ್ಚಿದರೂ ಬಂಡಿಗೆ ತಿಳಿಯುವುದಿಲ್ಲ. ಆದ್ದರಿಂದ ಈ ವಿಮಾನಕ್ಕೆ ನೋಡಬೇಕಾದದ್ದು ವ್ಯತ್ಯಾಸವನ್ನಲ್ಲ, ಇವತ್ತಿನ ಅಂಕಿ ಹೋದ ವಾರದ ಅಂಕಿಯಂತೆಯೇ ಇದೆಯೇ ಎಂಬುದನ್ನು. ಮಿಲ್ಲಿನ ತೂಕದ ಪುಸ್ತಕದಂಥದೇ ಒಂದು ಪುಸ್ತಕವನ್ನು ಗೌಡರು ಅದಕ್ಕೆಂದೇ ತೆರೆದಿದ್ದಾರೆ. ಮೊದಲ ಸಾಲು: 110, 20, ಹೊರಗಿನ ತಾಪ 41.

ಒಂದು ಜಗಳ ಇನ್ನೂ ಮುಗಿದಿಲ್ಲ. ಸದ್ಯ ಎಲೆಕ್ಟ್ರಾನಿಕ್ ಮೇಲಿನ ನಾಲ್ಕು ಪ್ಲಗ್‌ಗಳಿಗೆ, ಮ್ಯಾಗ್ನೆಟೊ ಕೆಳಗಿನ ನಾಲ್ಕಕ್ಕೆ ಕಿಡಿ ಕೊಡುತ್ತಿವೆ. ಎಣ್ಣೆಯೂ ಸೀಸವೂ ಇಳಿದು ಕೂರುವುದು ಕೆಳಗಿನ ಪ್ಲಗ್‌ಗಳಲ್ಲಿ. ಗಟ್ಟಿ ಕಿಡಿ ಅಲ್ಲಿಗೆ ಬೇಕು, ಅದಲುಬದಲು ಮಾಡಿ ಎಂದು ಸಾರ್ಜೆಂಟ್ ಸಾಹೇಬರು ಪಟ್ಟು ಹಿಡಿದಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ ಕಾರಿನ ಪ್ಲಗ್‌ಗೆ ಹಾಕಿದ ಬಳೆಗಳನ್ನು ಮೇಲಿನಿಂದ ಬಿಚ್ಚಿ ನೋಡುವುದು ಸುಲಭ, ಇನ್ನೊಂದು ಇಪ್ಪತ್ತು ಗಂಟೆ ಓಡಲಿ, ಕೆಳಗಿನ ಪ್ಲಗ್ ಬಿಚ್ಚಿ ಬಣ್ಣ ನೋಡಿ ತೀರ್ಮಾನಿಸೋಣ ಎಂದು ನಾನು ತಡೆದಿದ್ದೇನೆ.

ಪಂಖ ಮುಟ್ಟುವ ಮೊದಲು ಇಬ್ಬರೂ ಒಪ್ಪಿ ಮಾಡುವ ಕೆಲಸ ಒಂದಿದೆ. ಮ್ಯಾಗ್ನೆಟೊ ಆರುವುದು ಅದರ ಕಾಯಿಲನ್ನು ಒಂದು ತಂತಿಯ ಮೂಲಕ ಅರ್ಥ್ ಮಾಡಿದಾಗ. ಆ ತಂತಿ ಕಡಿದಿದ್ದರೆ ಸ್ವಿಚ್ಚು ‘ಆರಿದೆ’ ಎಂದು ತೋರಿಸುತ್ತಿದ್ದರೂ ಮ್ಯಾಗ್ನೆಟೊ ಜೀವಂತವಾಗಿರುತ್ತದೆ, ಕೈ ತಾಗಿ ಪಂಖ ಅಲುಗಿದರೂ ಎಂಜಿನ್ ಒಂದು ಹೊಡೆತ ಹೊಡೆಯಬಹುದು. ಎಲೆಕ್ಟ್ರಾನಿಕ್‌ಗೆ ಕರೆಂಟು ಕತ್ತರಿಸಿದರೆ ಸಾಕು, ಇದಕ್ಕೆ ಆ ತಂತಿ ಕಡಿದರೇ ಅಪಾಯ. ಹಮಾಲರ ಮಕ್ಕಳು ಆಡುವ ಅಂಗಳ ಅದು. ಆದ್ದರಿಂದ ಪ್ರತಿಸಲ ಎಂಜಿನ್ ನಿಲ್ಲಿಸುವ ಮುಂಚೆ, ನಿಧಾನ ಓಟದಲ್ಲಿ ಎರಡೂ ಸ್ವಿಚ್ಚನ್ನು ಒಂದು ಕ್ಷಣ ಆರಿಸಿ, ಎಂಜಿನ್ ಸಾಯತೊಡಗುವುದನ್ನು ಕಿವಿಯಾರೆ ಕೇಳಿ, ಮತ್ತೆ ಹಾಕುತ್ತಾರೆ. ಆಮೇಲೆಯೇ ಇಂಧನ ಕತ್ತರಿಸಿ ನಿಲ್ಲಿಸುವುದು.

ಬಿಚ್ಚಿದ ಬಲಗಡೆಯ ಮ್ಯಾಗ್ನೆಟೊ ಗ್ರೀಸ್ ಸವರಿಸಿಕೊಂಡು, ಬಳ್ಳಾರಿಯ ಜೀನ್ಸ್ ಬಟ್ಟೆಯ ತುಂಡಿನಲ್ಲಿ ಸುತ್ತಿಸಿಕೊಂಡು ನನ್ನ ಅಂಗಡಿಯ ಕಪಾಟಿನಲ್ಲಿದೆ. ಅದರ ಮೇಲೊಂದು ಚೀಟಿ ಕಟ್ಟಿದ್ದೇನೆ: ‘80 ಡಿಗ್ರಿಯವರೆಗೆ ಸರಿ’.